ಹದಿನೈದು ತುಂಬಿದ ಪುಟ್ಟ ಕಾರು

ಬೆಳ್ತಂಗಡಿ ಪೇಟೆಗೆ ಅಂಟಿಕೊಂಡಂತೆಯೇ ಲಾಯಿಲ ಇದೆ. ಅದನ್ನು ಹಾದುಹೋಗುವ ಹೆದ್ದಾರಿ ಉಜಿರೆ, ಮುಂಡಾಜೆಗಳನ್ನು ದಾಟಿ, ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರ ಸೇರುತ್ತದೆ. ಕೆ.ಎ. 19 ಮಂಗಳೂರು, ಕೆ.ಎ. 21 ಪುತ್ತೂರು, ಕೆ.ಎ. 70 ಬಂಟ್ವಾಳ ಎಂಬ ಫಲಕ ಹೊತ್ತ ವಾಹನಗಳ ಸಾಲಿನಲ್ಲಿ ಆಗೊಮ್ಮೆ ಈಗೊಮ್ಮೆ ಒಂದು ಹಳೆಯ ಮಾರುತಿ 800 ಕಾಣಿಸುತ್ತದೆ. ಅಡಿಕೆ ತೋಟದ ಮಣ್ಣುದಾರಿಗೂ ಅದೇ, ಆಸ್ಪತ್ರೆಗೂ ಅದೇ, ಮದುವೆಗೂ ಅದೇ. ಅಂಥ ಕಾರಿನ ಯಜಮಾನನಿಗೆ ಹದಿನೈದನೆಯ ವರ್ಷದಲ್ಲಿ ಒಂದು ಪ್ರಶ್ನೆ ಎದುರಾಗುತ್ತದೆ: ಇದು ಇನ್ನೂ ರಸ್ತೆಗೆ ಯೋಗ್ಯವೇ? ಉತ್ತರವನ್ನು ಸಾರಿಗೆ ಕಚೇರಿ ಒಂದು ಕಾಗದದಲ್ಲಿ ಬರೆದುಕೊಡುತ್ತದೆ. ಆ ಕಾಗದವನ್ನು ಎಷ್ಟು ನಂಬಬಹುದು ಎಂಬುದು ಬೇರೆ ಪ್ರಶ್ನೆ.

ಖಾಸಗಿ ಕಾರಿಗೆ ಈ ಪರೀಕ್ಷೆ ಬಂದದ್ದೇ ತಡವಾಗಿ. 1914ರ ಮೋಟಾರು ವಾಹನ ಕಾಯಿದೆಗೆ ಮುಖ್ಯವಾಗಿ ಬೇಕಾಗಿದ್ದುದು ವಾಹನದ ನೋಂದಣಿ ಮತ್ತು ಚಾಲಕನ ಪರವಾನಗಿ. 1939ರ ಕಾಯಿದೆ ಬಾಡಿಗೆಗೆ ಓಡುವ ಬಸ್ಸು, ಲಾರಿ, ಟ್ಯಾಕ್ಸಿಗಳಿಗೆ ಯೋಗ್ಯತಾ ಪತ್ರವನ್ನು, ಜನರ ಬಾಯಲ್ಲಿರುವಂತೆ ಹೇಳುವುದಾದರೆ ‘ಎಫ್.ಸಿ.’ಯನ್ನು, ಕಡ್ಡಾಯ ಮಾಡಿತು. ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಜಿಲ್ಲೆಗೂ ಅದೇ ಕಾಯಿದೆ. ಟಿಕೆಟಿಗೆ ದುಡ್ಡು ಕೊಟ್ಟು ಬಸ್ಸು ಹತ್ತಿದವನ ಪ್ರಾಣಕ್ಕೆ ಸರಕಾರ ಹೊಣೆಯಾಗಬೇಕು, ಸ್ವಂತ ಕಾರಿನಲ್ಲಿ ಕುಳಿತವನು ತನ್ನ ಪ್ರಾಣವನ್ನು ತಾನೇ ನೋಡಿಕೊಳ್ಳಲಿ ಎಂಬಂತಿತ್ತು ಆ ಏರ್ಪಾಡು. ಎದುರಿನಿಂದ ನಡೆದುಬರುವವನ ಪ್ರಾಣ ಯಾರ ಲೆಕ್ಕಕ್ಕೆ ಎಂದು ಕೇಳಬಹುದಿತ್ತು. ಆದರೆ ಕಾರುಗಳೇ ವಿರಳವಾಗಿದ್ದ ಕಾಲ ಅದು.

1988ರಲ್ಲಿ ಹೊಸ ಕಾಯಿದೆ ಬಂದು 1989ರ ಜುಲೈ 1ರಿಂದ ಜಾರಿಯಾಯಿತು. ಅದರ 41ನೆಯ ಕಲಮಿನ ಪ್ರಕಾರ ಖಾಸಗಿ ವಾಹನದ ನೋಂದಣಿಗೆ ಹದಿನೈದು ವರ್ಷದ ಆಯುಸ್ಸು. ಆಮೇಲೆ ತಪಾಸಣೆಗೆ ಒಳಪಟ್ಟು ಐದೈದು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು.

ಈ ಹದಿನೈದರ ಗೆರೆಯನ್ನು ದೊಡ್ಡ ಸಂಖ್ಯೆಯಲ್ಲಿ ಮುಟ್ಟಿದ ಪುಟ್ಟ ಕಾರೆಂದರೆ ಮಾರುತಿ 800. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿ ಮೊದಲ ಕಾರಿನ ಕೀಲಿಯನ್ನು ದೆಹಲಿಯ ಗ್ರಾಹಕರೊಬ್ಬರ ಕೈಗಿತ್ತರು. 796 ಸಿ.ಸಿ.ಯ ಮೂರು ಸಿಲಿಂಡರಿನ ಇಂಜಿನ್ ಅದರದು. ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳನ್ನು ಕಂಡಿದ್ದವರಿಗೆ ಅದು ಆಟಿಕೆಯಂತೆ ಕಂಡಿತು. 1986ರಲ್ಲಿ ಮೈಕಟ್ಟು ಬದಲಾಯಿತು. 1987ರಲ್ಲಿ ಹಂಗೆರಿಗೆ ರಫ್ತಾಯಿತು. 1990ರ ದಶಕದಲ್ಲಿ ಬ್ರಿಟನ್ನಿನ ರಸ್ತೆಗೂ ಇಳಿಯಿತು.

ಬ್ರಿಟನ್ನಿನ ಮಾತು ಇಲ್ಲಿ ಬೇಕಾದದ್ದೇ. ಏಕೆಂದರೆ ಖಾಸಗಿ ಕಾರುಗಳ ಪರೀಕ್ಷೆಯನ್ನು ಬಲು ಹಿಂದೆಯೇ ಗಂಭೀರವಾಗಿ ಹಿಡಿದ ದೇಶಗಳಲ್ಲಿ ಅದೂ ಒಂದು. 1960ರಲ್ಲಿ ಹತ್ತು ವರ್ಷ ದಾಟಿದ ಕಾರುಗಳ ಬ್ರೇಕು, ದೀಪ, ಸ್ಟೀಯರಿಂಗುಗಳನ್ನು ಅಲ್ಲಿ ಪರೀಕ್ಷಿಸತೊಡಗಿದರು. ನಪಾಸಾದವುಗಳ ಸಂಖ್ಯೆ ಕಂಡು ಗಾಬರಿಯಾಗಿ ಮರುವರ್ಷವೇ ಹತ್ತನ್ನು ಏಳಕ್ಕಿಳಿಸಿದರು. 1967ರಲ್ಲಿ ಮೂರಕ್ಕಿಳಿಸಿದರು. ಅಂದರೆ ಲಾಯಿಲದ 800 ಹದಿನೈದು ವರ್ಷ ಯಾರ ಕಣ್ಣಿಗೂ ಬೀಳದೆ ಓಡಬಹುದಾದರೆ, ಅದರ ಬ್ರಿಟನ್ನಿನ ಅಣ್ಣತಮ್ಮಂದಿರು ಮೂರು ತುಂಬಿದ ಮೇಲೆ ಪ್ರತಿ ವರ್ಷ ಪರೀಕ್ಷೆಗೆ ನಿಲ್ಲಬೇಕಿತ್ತು. ಜರ್ಮನಿಯಲ್ಲಂತೂ ಇಂಥ ಪರೀಕ್ಷೆಗಳ ಫಲಿತಾಂಶವನ್ನು ಮಾದರಿವಾರು ಲೆಕ್ಕಹಾಕಿ ವರ್ಷವರ್ಷ ಅಚ್ಚು ಹಾಕುತ್ತಾರೆ. ಯಾವ ಕಾರು ಎಷ್ಟನೆಯ ವಯಸ್ಸಿಗೆ ಯಾವ ದೋಷದಿಂದ ನಪಾಸಾಗುತ್ತದೆಂದು ಹಳೆಯ ಕಾರು ಕೊಳ್ಳುವವನು ಅದರಲ್ಲಿ ನೋಡಿಕೊಳ್ಳಬಹುದು. ನಮ್ಮಲ್ಲಿ ಆ ಪಟ್ಟಿಯ ಕೆಲಸವನ್ನು ಗ್ಯಾರೇಜಿನ ಮೇಸ್ತ್ರಿಯ ನೆನಪು ಮಾಡುತ್ತದೆ.

ನಮ್ಮ ಪರೀಕ್ಷೆಯಲ್ಲಿ ನೋಡುವುದೇನು? ಚಾಸಿ ನಂಬರ್ ಹೊಂದುತ್ತದೆಯೇ, ದೀಪ, ಹಾರ್ನು, ವೈಪರ್ ಕೆಲಸ ಮಾಡುತ್ತವೆಯೇ, ಬ್ರೇಕು ಹಿಡಿಯುತ್ತದೆಯೇ, ವಿಮೆ ಇದೆಯೇ. ಕೇಂದ್ರದ 1989ರ ನಿಯಮಗಳಲ್ಲಿ ಅಳತೆಗಳೂ ಇವೆ. ಕಾರಿನ ಟಯರಿನ ಹಲ್ಲು 1.6 ಮಿಲಿಮೀಟರಿಗಿಂತ ಸವೆದಿರಬಾರದು. ಸ್ಟೀಯರಿಂಗ್ ಚಕ್ರದ ಆಟ 30 ಡಿಗ್ರಿ ಮೀರಬಾರದು. ಹಳೆಯ ಪೆಟ್ರೋಲ್ ಕಾರಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇಕಡಾ 3ನ್ನು ದಾಟಬಾರದು. ನಿಯಮಗಳೇನೂ ಕೆಟ್ಟವಲ್ಲ. ತೊಡಕಿರುವುದು ಅವು ಒಂದು ದಿನದ ಕಾರನ್ನು ಅಳೆಯುತ್ತವೆ ಎಂಬುದರಲ್ಲಿ. ಕಾರ್ಬ್ಯುರೇಟರ್ ಇರುವ ಕಾರಿನಲ್ಲಿ ಒಂದು ಸ್ಕ್ರೂವನ್ನು ತುಸು ತಿರುಗಿಸಿದರೆ ಹೊಗೆಯ ಅಂಕಿ ಇಳಿಯುತ್ತದೆ. ಸವೆದ ಟಯರನ್ನು ಬೆಳಿಗ್ಗೆ ಬಿಚ್ಚಿಟ್ಟು ಸಂಜೆ ಮತ್ತೆ ಹಾಕಬಹುದು. ಆ ದಿನ ಕಾಗದ ಸುಳ್ಳು ಹೇಳಿರುವುದಿಲ್ಲ, ಮರುದಿನದಿಂದ ಹೇಳತೊಡಗುತ್ತದೆ.

ಇವಕ್ಕಿಂತ ದೊಡ್ಡ ವಿಷಯಗಳು ಎರಡು. ಎರಡಕ್ಕೂ ಕಾರಣ ನಮ್ಮ ಮಳೆ.

ಮೊದಲನೆಯದು ತುಕ್ಕು. 800 ಕಾರಿಗೆ ಲಾರಿಗಿರುವಂತೆ ಬೇರೆಯೇ ಆದ ಚಾಸಿ ಇಲ್ಲ. ತೆಳು ತಗಡನ್ನು ಮಡಚಿ ಬೆಸೆದ ಮೈಯೇ ಅದರ ಎಲುಬು. ಘಟ್ಟದ ಬುಡದ ಈ ತಾಲೂಕಿನಲ್ಲಿ ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆ. ಒದ್ದೆ ಚಪ್ಪಲಿಯ ನೀರು ಮ್ಯಾಟಿನ ಅಡಿಗೆ ಇಳಿಯುತ್ತದೆ, ಬಾಗಿಲಿನ ಕೆಳಗೆ ನೀರು ಹರಿದುಹೋಗಲು ಬಿಟ್ಟ ತೂತುಗಳನ್ನು ಕೆಸರು ಮುಚ್ಚುತ್ತದೆ. ಆಷಾಢದಲ್ಲಿ ಸೇರಿದ ಪಸೆ ನವರಾತ್ರಿಯವರೆಗೂ ಆರುವುದಿಲ್ಲ. ಹೊರಗೆ ಬಣ್ಣ ಫಳಫಳ ಎನ್ನುತ್ತಿರುವಾಗಲೇ ಒಳಗಿನಿಂದ ತಗಡು ಹಪ್ಪಳವಾಗುತ್ತದೆ. ಟಿಂಕರಿಂಗ್ ಬಲ್ಲವನು ಅದನ್ನು ಕೊರೆದು ತೆಗೆದು ಹೊಸ ತಗಡು ಬೆಸೆಯಬಹುದು, ಇಲ್ಲವೇ ಪುಟ್ಟಿ ಮೆತ್ತಿ ಬಣ್ಣ ಹೊಡೆಯಬಹುದು. ನಿಂತು ನೋಡುವ ಕಣ್ಣಿಗೆ ಎರಡೂ ಒಂದೇ. ಬ್ರಿಟನ್ನಿನ ಪರೀಕ್ಷಕರು ಕಾರನ್ನು ಎತ್ತರಿಸಿ, ಸಸ್ಪೆನ್ಷನ್ ಮತ್ತು ಸೀಟು ಬೆಲ್ಟು ಕೂಡುವ ಜಾಗದಿಂದ 30 ಸೆಂಟಿಮೀಟರ್ ಸುತ್ತಳತೆಯಲ್ಲಿ ತುಕ್ಕು ಇದೆಯೇ ಎಂದು ಬಡಿದು ನೋಡುತ್ತಾರೆ. ಕಾರಿನ ಸುತ್ತ ನಡೆದುಬಂದು ಸಹಿ ಹಾಕುವ ತಪಾಸಣೆಗೆ ಆ ಜಾಗ ಕಾಣುವುದೇ ಇಲ್ಲ.

ಎರಡನೆಯದು ಬ್ರೇಕ್ ಆಯಿಲ್. ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ‘ಡಾಟ್ 3’ ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಶೇಕಡಾ ನಾಲ್ಕರಷ್ಟು ನೀರು ಸೇರಿತೆಂದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಚಾರ್ಮಾಡಿಯ ತಿರುವುಗಳಲ್ಲಿ ಗೇರು ಇಳಿಸದೆ ಬ್ರೇಕನ್ನೇ ಒತ್ತುತ್ತ ಬಂದರೆ ಚಕ್ರದ ಬಳಿ ಕಾವು ಏರಿ, ಆಯಿಲ್ ಕುದಿದು ಗುಳ್ಳೆಗಳಾಗುತ್ತವೆ. ದ್ರವವನ್ನು ಒತ್ತಿದರೆ ಬಲ ಚಕ್ರಕ್ಕೆ ತಲುಪುತ್ತದೆ. ಗುಳ್ಳೆಯನ್ನು ಒತ್ತಿದರೆ ಗುಳ್ಳೆ ಕುಗ್ಗುತ್ತದೆ, ಅಷ್ಟೇ. ಪೆಡಲು ನೆಲ ಮುಟ್ಟುತ್ತದೆ. ಕೆಳಗೆ ಬಂದು ಅರ್ಧ ಗಂಟೆ ನಿಲ್ಲಿಸಿದರೆ ಬ್ರೇಕು ಮತ್ತೆ ಸರಿ. ಅದೇ ಕಾರನ್ನು ಮರುದಿನ ಸಮತಟ್ಟಾದ ಮೈದಾನದಲ್ಲಿ ಪರೀಕ್ಷೆಗೆ ನಿಲ್ಲಿಸಿದರೂ ಪಾಸು. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದಕ್ಕೆ ತಗಲುವ ಖರ್ಚು ಒಂದು ಟಯರಿನ ಬೆಲೆಗಿಂತ ಬಹಳ ಕಡಿಮೆ. ಆದರೆ ಅದನ್ನು ಯಾವ ಕಾಗದವೂ ಕೇಳುವುದಿಲ್ಲ.

ಇತ್ತೀಚೆಗೆ ಕಾಗದದ ಬೆಲೆ ಮಾತ್ರ ಏರಿದೆ. 600 ರೂಪಾಯಿ ಇದ್ದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟಿನಲ್ಲಿ ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000 ಎಂದು ನಿಗದಿಯಾಯಿತು. ಹಳೆಯ 800ರ ಮಾರುಕಟ್ಟೆ ಬೆಲೆಯ ಮುಂದೆ ಇದು ಸಣ್ಣ ಮೊತ್ತವಲ್ಲ. ಹಳೆಯ ವಾಹನ ಗುಜರಿಗೆ ಹೋಗಲಿ ಎಂಬುದೇ ಉದ್ದೇಶ. ಶುಲ್ಕಕ್ಕೆ ಕೊಟ್ಟ ದುಡ್ಡು ತಗಡಿಗೂ ಬ್ರೇಕಿಗೂ ಹೋಗಬೇಕಾಗಿದ್ದ ದುಡ್ಡೇ ಆಗಿರಬಹುದು ಎಂಬುದನ್ನು ಯಾರೂ ಯೋಚಿಸಿದಂತಿಲ್ಲ. ಮನುಷ್ಯನ ಕೈಬಿಟ್ಟು ಯಂತ್ರದಿಂದ ಬ್ರೇಕಿನ ಬಲ ಅಳೆಯುವ ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳಿಗೆ 2021ರಲ್ಲಿ ನಿಯಮ ಬಂದಿದೆ. ಸ್ಕ್ರೂ ತಿರುಗಿಸುವ, ಟಯರು ಬದಲಿಸುವ ಜಾಣತನವನ್ನು ಯಂತ್ರವೂ ತಡೆಯಲಾರದು. ಎಡ ಬಲ ಚಕ್ರಗಳ ಬ್ರೇಕಿನಲ್ಲಿರುವ ವ್ಯತ್ಯಾಸವನ್ನಾದರೂ ಅದು ಮುಲಾಜಿಲ್ಲದೆ ಹೇಳುತ್ತದೆ.

ವಯಸ್ಸು ಇನ್ನೂ ಏರಿದರೆ ಮರ್ಯಾದೆ ಬರುವುದೂ ಉಂಟು. ಲಾಯಿಲದಿಂದ ಅನತಿ ದೂರದ ಧರ್ಮಸ್ಥಳದಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೆಯ ಕಾರುಗಳ ಸಂಗ್ರಹವನ್ನು ನೋಡಿದವರಿಗೆ ಇದು ಗೊತ್ತು. 2021ರ ನಿಯಮದಂತೆ ಐವತ್ತು ವರ್ಷ ದಾಟಿ ಮೂಲರೂಪದಲ್ಲಿರುವ ವಾಹನಕ್ಕೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿ ಸಿಗುತ್ತದೆ. ಆದರೆ ಅದನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ ಒಯ್ಯಬಹುದೇ ಹೊರತು ದಿನನಿತ್ಯ ಪೇಟೆಗೆ ಓಡಿಸುವಂತಿಲ್ಲ. ಮೊದಲ 800ಗಳಿಗೆ ಆ ಗೌರವ 2033ರ ಕೊನೆಗೆ ದಕ್ಕಬಹುದು. ಕೊನೆಯ 800 ಕಾರ್ಖಾನೆಯಿಂದ ಹೊರಬಂದದ್ದು 2014ರ ಜನವರಿಯಲ್ಲಿ. ಅದೇ ವರ್ಷ ನೋಂದಣಿಯಾದ ಕಾರುಗಳು ಮೊದಲ ಬಾರಿ ತಪಾಸಣೆಗೆ ಬಂದು ನಿಲ್ಲಬೇಕಾದದ್ದು 2029ರಲ್ಲಿ.