ಉಪಗ್ರಹದ ಕಣ್ಣಳತೆಯಲ್ಲಿ ದುರ್ಗದ ಸೀಮೆ

ದೂರಸಂವೇದನೆಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಉಡಾವಣೆಯ ತಾರೀಖುಗಳ ಜಾಡು ಹಿಡಿಯುತ್ತಾರೆ. ಯಾವ ರಾಕೆಟ್ಟು, ಯಾವ ವರ್ಷ, ಎಷ್ಟು ತೂಕ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಕ್ಯಾಮೆರಾದ ಕೆಳಗಿದ್ದ ನೆಲದ ಕಡೆಯಿಂದ ಅದೇ ಚರಿತ್ರೆಯನ್ನು ಓದುವುದು ಈ ಲೇಖನದ ಉದ್ದೇಶ. ಅದಕ್ಕೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳನ್ನು ಆರಿಸಿಕೊಂಡಿದ್ದೇನೆ. ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿರುವ ಈ ಸೀಮೆಯಲ್ಲಿ ಕೆಂಪು ನೆಲ, ಎರೆ ನೆಲ, ಅಡಿಕೆ ತೋಟ, ಮಳೆಯಾಶ್ರಿತ ಹೊಲ, ಕಲ್ಲುಗುಡ್ಡ ಎಲ್ಲವೂ ಕೆಲವೇ ಮೈಲಿಗಳ ಅಂತರದಲ್ಲಿ ಸಿಗುತ್ತವೆ. ಉಪಗ್ರಹದ ಚಿತ್ರ ಎಲ್ಲಿ ನಿಜ ಹೇಳುತ್ತದೆ, ಎಲ್ಲಿ ಎಡವುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗ ನಮ್ಮ ರಾಜ್ಯದಲ್ಲಿ ಕಡಿಮೆ.

ಭಾರತದಲ್ಲಿ ಈ ವಿದ್ಯೆ ಶುರುವಾದದ್ದು ತೆಂಗಿನ ಮರದಿಂದ. 1970ರಲ್ಲಿ ವಿಜ್ಞಾನಿ ಪಿ. ಆರ್. ಪಿಶಾರೋಟಿ ಅವರ ನೇತೃತ್ವದ ತಂಡ ಕೇರಳದ ತೆಂಗಿನ ತೋಟಗಳನ್ನು ಆಕಾಶದಿಂದ ಅವಕೆಂಪು ಫಿಲ್ಮಿನಲ್ಲಿ ಸೆರೆಹಿಡಿದು, ಬೇರುಸೊರಗು ರೋಗ ತಗುಲಿದ ಮರಗಳನ್ನು ಗುರುತಿಸಿತು. ಆರೋಗ್ಯವಾಗಿರುವ ಎಲೆ ಅವಕೆಂಪು ಬೆಳಕಿನ ದೊಡ್ಡ ಪಾಲನ್ನು ಹಿಂದಕ್ಕೆ ಕಳಿಸುತ್ತದೆ, ಸೊರಗಿದ ಎಲೆ ಅಷ್ಟು ಕಳಿಸದು. ಮುಂದಿನ ಐದು ದಶಕಗಳ ಬೆಳೆ ಅಧ್ಯಯನದ ಬಹುಪಾಲು ಈ ಒಂದು ಗುಣದ ಮೇಲೆ ನಿಂತಿದೆ. ಹೊಸದುರ್ಗ, ಹಿರಿಯೂರಿನ ತೆಂಗು ಬೆಳೆಗಾರರಿಗೆ ಈ ಸಂಗತಿ ಗೊತ್ತಿರಬೇಕು ಎಂದು ನನಗೆ ಅನ್ನಿಸುತ್ತದೆ.

ಉಡುಪಿ ಬಳಿಯ ಅದಮಾರಿನ ಉಪಗ್ರಹ ವಿಜ್ಞಾನಿ ಯು. ಆರ್. ರಾವ್ ಆರ್ಯಭಟ ಉಪಗ್ರಹದ ನಂತರ ಕೈಗೆತ್ತಿಕೊಂಡದ್ದು ಭಾಸ್ಕರ ಎಂಬ ಭೂವೀಕ್ಷಣೆಯ ಉಪಗ್ರಹವನ್ನು. ಅದರ ಟಿವಿ ಕ್ಯಾಮೆರಾದ ಕೆಲಸದಲ್ಲಿ ತೊಡಗಿದವರಲ್ಲಿ ಹಾಸನ ಜಿಲ್ಲೆಯ ಆಲೂರಿನ ಎ. ಎಸ್. ಕಿರಣ್ ಕುಮಾರ್ ಒಬ್ಬರು. ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಟೆಕ್. ಓದಿ, 1975ರಲ್ಲಿ ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರ ಸೇರಿದವರು. ಭಾಸ್ಕರದಿಂದ ಹಿಡಿದು ಇನ್ಸಾಟ್-3ಡಿವರೆಗೆ ಐವತ್ತಕ್ಕೂ ಹೆಚ್ಚು ಚಿತ್ರಗ್ರಾಹಿ ಉಪಕರಣಗಳಲ್ಲಿ ಅವರ ದುಡಿಮೆಯಿದೆ. 2015ರಿಂದ 2018ರವರೆಗೆ ಇಸ್ರೋದ ಅಧ್ಯಕ್ಷರಾಗಿದ್ದರು ಎಂಬುದಕ್ಕಿಂತ ಈ ಕ್ಯಾಮೆರಾಗಳ ಸಾಲೇ ಅವರ ನಿಜವಾದ ಸಂಶೋಧನಾ ಚರಿತ್ರೆ.

ಆ ಸಾಲನ್ನು ನಮ್ಮ ರೈತರ ಲೆಕ್ಕದಲ್ಲಿ, ಎಕರೆ-ಗುಂಟೆಯಲ್ಲಿ ಅಳೆದು ನೋಡಬಹುದು. 1979ರ ಜೂನ್ 7ರಂದು ಸೋವಿಯತ್ ನೆಲದಿಂದ ಮೇಲೇರಿದ ಭಾಸ್ಕರ-1ರ ಕ್ಯಾಮೆರಾದ ಒಂದು ಚುಕ್ಕಿ (ಪಿಕ್ಸೆಲ್) ಒಂದು ಚದರ ಕಿಲೋಮೀಟರ್, ಅಂದರೆ 247 ಎಕರೆ. ಅಷ್ಟು ಅಗಲದ ಚುಕ್ಕಿಯಲ್ಲಿ ಮಾರಿಕಣಿವೆಯ (ವಾಣಿವಿಲಾಸ ಸಾಗರದ) ನೀರಿನ ಹರವು ಸಿಕ್ಕೀತು, ಜೋಗಿಮಟ್ಟಿಯ ಕಾಡು ಬಯಲಿನಿಂದ ಬೇರೆಯಾಗಿ ಕಂಡೀತು. ಹೊಲ ಕಾಣುವ ಮಾತೇ ಇಲ್ಲ. 1988ರ ಮಾರ್ಚ್ 17ರಂದು ಬಂದ ಐಆರ್‌ಎಸ್-1ಎ ಈ ಲೆಕ್ಕವನ್ನೇ ಬದಲಿಸಿತು. 2048 ಬೆಳಕುಗ್ರಾಹಿಗಳ ಒಂದು ಸಾಲು 148 ಕಿಲೋಮೀಟರ್ ಅಗಲದ ಪಟ್ಟಿಯನ್ನು ಒಮ್ಮೆಗೇ ಓದುತ್ತ ಸಾಗುತ್ತಿತ್ತು. ಅದರ ಲಿಸ್-1 ಕ್ಯಾಮೆರಾದ ಚುಕ್ಕಿ 72.5 ಮೀಟರ್, ಸುಮಾರು 1 ಎಕರೆ 12 ಗುಂಟೆ. ಲಿಸ್-2ರದು 13 ಗುಂಟೆ. ಏಳು ವರ್ಷದ ನಂತರ ಐಆರ್‌ಎಸ್-1ಸಿಯ ಲಿಸ್-3 ಅದನ್ನು ಐದೂವರೆ ಗುಂಟೆಗೆ ಇಳಿಸಿತು. 2003ರ ರಿಸೋರ್ಸ್‌ಸ್ಯಾಟ್-1ರ ಲಿಸ್-4 ಬಂದಾಗ ಬಣ್ಣದ ಚಿತ್ರದ ಚುಕ್ಕಿ 5.8 ಮೀಟರ್, ಗುಂಟೆಯ ಮೂರನೇ ಒಂದು ಭಾಗ. ಒಂದು ತೆಂಗಿನ ಮರದ ಗರಿಗಳು ಹರಡುವ ಜಾಗಕ್ಕಿಂತಲೂ ಕಡಿಮೆ.

ಚುಕ್ಕಿ ಕಿರಿದಾದಂತೆ ಪ್ರಶ್ನೆಗಳೂ ಬದಲಾದವು. ಬೆಂಗಳೂರಿನಲ್ಲಿ 1986ರಲ್ಲಿ ರಾಜ್ಯದ ದೂರಸಂವೇದಿ ಅನ್ವಯಿಕ ಕೇಂದ್ರ, 1988ರಲ್ಲಿ ಬರ ಉಸ್ತುವಾರಿ ಘಟಕ ಶುರುವಾದವು. ಆಗಿನ ಕೆಲಸವೆಲ್ಲ ಮೇಜಿನ ಮೇಲೆ: ಹುಸಿಬಣ್ಣದ ಚಿತ್ರದ ಮೇಲೆ ಪಾರದರ್ಶಕ ಹಾಳೆ ಹಾಸಿ, ಗೆರೆ ಎಳೆದು, ಆಮೇಲೆ ಜೀಪು ಹತ್ತಿ ಊರೂರು ಸುತ್ತಿ ತಾಳೆ ನೋಡುವುದು. ಆ ಚಿತ್ರಗಳಲ್ಲಿ ಹಸಿರು ಕೆಂಪಾಗಿ ಮೂಡುತ್ತದೆ. ಭೀಮಸಮುದ್ರ, ಹೊಳಲ್ಕೆರೆ ಕಡೆಯ ಅಡಿಕೆ ತೋಟಗಳು ಕೆರೆಗಳ ಕೆಳಗೆ ಗಾಢ ಕೆಂಪು ಪಟ್ಟಿಗಳಾಗಿ ಕಾಣುತ್ತವೆ. ಹಿರಿಯೂರಿನ ಎರೆ ನೆಲ ಉಳುಮೆಯಾದ ಮೇಲೆ ಕಪ್ಪುಬೂದಿ ಬಣ್ಣಕ್ಕೆ ತಿರುಗುತ್ತದೆ. ತುಂಬಿದ ಕೆರೆ ಕಡುನೀಲಿ, ಬತ್ತಿದ ಕೆರೆಯಂಗಳ ಬೆಳ್ಳಗೆ.

ಈ ಸೀಮೆಯ ಕಲ್ಲಿಗೆ ಭೂವಿಜ್ಞಾನದಲ್ಲಿ ದೊಡ್ಡ ಹೆಸರಿದೆ. ಧಾರವಾಡ ಶಿಲಾಸಮೂಹದ ಸ್ತರಗಳಿಗೆ ವಾಣಿವಿಲಾಸ, ಇಂಗಳದಾಳು, ಹಿರಿಯೂರು ಎಂದು ಇಲ್ಲಿನ ಊರು-ಜಲಾಶಯದ ಹೆಸರನ್ನೇ ಇಟ್ಟಿದ್ದಾರೆ. ಈ ಗಟ್ಟಿ ಶಿಲೆಯಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ ಮಾತ್ರ. ನೆಲದ ಮೇಲೆ ನಿಂತವನಿಗೆ ತಿಳಿಯದ ಮೈಲುದ್ದದ ಬಿರುಕು ಉಪಗ್ರಹದ ಚಿತ್ರದಲ್ಲಿ ನೇರ ಗೆರೆಯಾಗಿ ಕಾಣುತ್ತದೆ. ಹಳ್ಳ ಇದ್ದಕ್ಕಿದ್ದಂತೆ ಅಡ್ಡ ತಿರುಗುವುದು, ಗಿಡಮರ ಒಂದೇ ಸಾಲಿನಲ್ಲಿ ಹಸಿರಾಗಿರುವುದು ಅದರ ಗುರುತು. 1980ರ ದಶಕದ ಕೊನೆಯ ಬರದ ನಂತರ ರಾಷ್ಟ್ರೀಯ ಕುಡಿಯುವ ನೀರಿನ ಮಿಷನ್ನಿಗಾಗಿ ಇಂಥ ಅಂತರ್ಜಲ ನಕ್ಷೆಗಳು ತಯಾರಾದವು. ಊರಿನ ಬೋರ್‌ವೆಲ್‌ಗೆ ಜಾಗ ಹುಡುಕಲೆಂದು ಮಾಡಿದ ನಕ್ಷೆಗಳವು. ಅಷ್ಟರಲ್ಲಿ ತೋಟದವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟು ನೀರು ನೋಡುವವರನ್ನು ನಂಬಿ ತಮ್ಮ ಪಾಡಿಗೆ ಕೊರೆಸುತ್ತಲೇ ಇದ್ದರು. ಒಂದೇ ಬಿರುಕಿನ ನೀರನ್ನು ಎಷ್ಟು ಬೋರುಗಳು ಎತ್ತುತ್ತಿವೆ ಎಂಬುದನ್ನು ಯಾವ ಉಪಗ್ರಹ ಚಿತ್ರವೂ ತೋರಿಸಲಾರದು. ಈ ಮಿತಿಗೆ ನಮ್ಮ ರೈತರು ದೊಡ್ಡ ಬೆಲೆ ತೆತ್ತರು. ಬತ್ತಿದ ಬೋರುಗಳ ಪಕ್ಕದಲ್ಲಿ ಸುಳಿ ಒಣಗಿದ ತೆಂಗು ಅದಕ್ಕೆ ಸಾಕ್ಷಿ.

ಉಪಗ್ರಹ ಮತ್ತು ನೆಲ ಸರಿಯಾಗಿ ಕೈಜೋಡಿಸಿದ್ದು ಸುಜಲ ಜಲಾನಯನ ಯೋಜನೆಯಲ್ಲಿ. ವಿಶ್ವಬ್ಯಾಂಕ್ ನೆರವಿನಿಂದ 2001ರ ಸುಮಾರಿಗೆ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ಶುರುವಾದ ಈ ಯೋಜನೆಯ ಮೌಲ್ಯಮಾಪನವನ್ನು ಇಸ್ರೋದ ವಾಣಿಜ್ಯ ಸಂಸ್ಥೆ ಆಂಟ್ರಿಕ್ಸ್ ವಹಿಸಿಕೊಂಡಿತು. ಬದು, ಕೃಷಿಹೊಂಡ, ಚೆಕ್ ಡ್ಯಾಂ ಆಗುವ ಮುಂಚಿನ ಚಿತ್ರ ಮತ್ತು ಆದಮೇಲಿನ ಚಿತ್ರವನ್ನು ಅಕ್ಕಪಕ್ಕ ಇಟ್ಟು, ಬಾವಿಯ ನೀರಿನ ಮಟ್ಟ, ಮಳೆಯ ಅಳತೆ, ಮನೆಮನೆಯ ಸಮೀಕ್ಷೆಯ ಜೊತೆಗೆ ಓದುವ ಪದ್ಧತಿ ಇಲ್ಲಿ ಬೆಳೆಯಿತು. ನನ್ನ ಮಟ್ಟಿಗೆ ಕರ್ನಾಟಕದ ದೂರಸಂವೇದನೆಯ ಅತ್ಯಂತ ಗಟ್ಟಿ ಕೆಲಸ ಇದೇ.

ಬರ ಘೋಷಣೆಯ ವಿಚಾರ ಇಷ್ಟು ಸಲೀಸಲ್ಲ. 2016ರ ಕೇಂದ್ರದ ಬರ ಕೈಪಿಡಿ ಮಳೆಯ ಕೊರತೆಯ ಜೊತೆಗೆ ಉಪಗ್ರಹದ ಹಸಿರು ಸೂಚ್ಯಂಕವನ್ನೂ ಮಾನದಂಡವಾಗಿಸಿತು. ಈ ಸೂಚ್ಯಂಕಕ್ಕೆ ಹಸಿರೆಲ್ಲ ಹಸಿರೇ. ಶೇಂಗಾ ಒಣಗಿದ್ದರೂ ಪಕ್ಕದ ಬಳ್ಳಾರಿ ಜಾಲಿ ಬೇಸಿಗೆಯಲ್ಲೂ ನಳನಳಿಸುತ್ತಿರುತ್ತದೆ, ವಾಣಿವಿಲಾಸ ನಾಲೆಯ ಬಯಲು ವರ್ಷವಿಡೀ ಹಸಿರಾಗಿರುತ್ತದೆ. ಬೆಳೆಯ ನೆಲವನ್ನು ಮೊದಲೇ ಬೇರ್ಪಡಿಸದಿದ್ದರೆ ತಾಲ್ಲೂಕಿನ ಸರಾಸರಿಯಲ್ಲಿ ರೈತನ ನಷ್ಟ ಮುಚ್ಚಿಹೋಗುತ್ತದೆ. ಶೇಕಡಾ 10ರಷ್ಟು ಹಳ್ಳಿಗಳಲ್ಲಿ ಹೊಲಕ್ಕೇ ಹೋಗಿ ನೋಡಬೇಕೆಂದು ಅದೇ ಕೈಪಿಡಿ ಹೇಳಿರುವುದು ಇದಕ್ಕಾಗಿ. ಈ ಹತ್ತನ್ನು ಹೆಚ್ಚಿಸಬೇಕು ಎಂಬ ಪಕ್ಷ ನನ್ನದು.

ಇಲ್ಲಿ ವಾಣಿವಿಲಾಸ ಸಾಗರದ ಮಾತು ಬರಲೇಬೇಕು. ವೇದಾವತಿಗೆ ಅಡ್ಡಲಾಗಿ ಮೈಸೂರು ಸಂಸ್ಥಾನ ಕಟ್ಟಿಸಿ 1907ರಲ್ಲಿ ಮುಗಿಸಿದ, 130 ಅಡಿ ಮಟ್ಟದ ಈ ಜಲಾಶಯ 1933ರಲ್ಲಿ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ಮೇಲೆ. ಅಮೆರಿಕದ ಮೊದಲ ಲ್ಯಾಂಡ್‌ಸ್ಯಾಟ್ ಭೂವೀಕ್ಷಣಾ ಉಪಗ್ರಹ ಹಾರಿದ್ದು 1972ರಲ್ಲಿ. ಅಂದರೆ ಉಪಗ್ರಹ ಯುಗದ ಮೊದಲ ಐವತ್ತು ವರ್ಷಗಳ ಒಂದು ಚಿತ್ರದಲ್ಲೂ ಈ ಜಲಾಶಯ ಪೂರ್ತಿ ತುಂಬಿರಲಿಲ್ಲ. ಆ ಚಿತ್ರಗಳನ್ನಷ್ಟೇ ನಂಬಿದ ಸಂಶೋಧಕ ಅದರ ಅಂಚಿನ ಗೆರೆಯನ್ನು ತಪ್ಪು ಜಾಗದಲ್ಲಿ ಎಳೆದಿರುತ್ತಿದ್ದ. ಹಿನ್ನೀರಿನ ನಿಜವಾದ ಮೇರೆ ಇದ್ದದ್ದು ಸಂಸ್ಥಾನದ ಕಾಲದ ಸರ್ವೆ ನಕ್ಷೆ, ಮಟ್ಟದ ದಾಖಲೆಗಳಲ್ಲಿ.

ವಾತಾವರಣದ ಅಧ್ಯಯನ ಈ ಸೀಮೆಗೆ ತಡವಾಗಿ ಬಂತು. ಭಾಸ್ಕರದಲ್ಲಿದ್ದ ಸಮೀರ್ ಎಂಬ ಮೈಕ್ರೋವೇವ್ ಉಪಕರಣ ಗಾಳಿಯ ನೀರಾವಿಯನ್ನು ಅಳೆಯುತ್ತಿತ್ತಾದರೂ ಅದು ಕಡಲಿಗೆಂದು ಮಾಡಿದ್ದು. ಅದರ ಒಂದು ಚುಕ್ಕಿ ನೂರು ಕಿಲೋಮೀಟರಿಗೂ ಮಿಗಿಲು. 2013ರಲ್ಲಿ ಹಾರಿದ ಇನ್ಸಾಟ್-3ಡಿ 19 ತರಂಗಾಂತರ ಪಟ್ಟಿಗಳಲ್ಲಿ ಗಾಳಿಯ ಉಷ್ಣತೆ, ತೇವಾಂಶವನ್ನು ಪದರ ಪದರವಾಗಿ ಬಿಡಿಸತೊಡಗಿತು. ಧೂಳಿನ ಕಣಗಳ ವಿಷಯದಲ್ಲಿ ತೊಡಕು ಉಳಿದಿದೆ: ಬಿಸಿಲಿಗೆ ಹೊಳೆಯುವ ಬೋಳು ನೆಲದ ಮೇಲೆ ತೆಳು ಧೂಳಿನ ಪರದೆಯನ್ನು ಮೇಲಿನಿಂದ ಬೇರ್ಪಡಿಸುವುದು ಕಷ್ಟ. ನೆರೆಯ ಚಳ್ಳಕೆರೆಯ ಆವರಣದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಹವಾಮಾನ ವೀಕ್ಷಣಾಲಯ ನಡೆಸುತ್ತಿರುವುದರಿಂದ ಈಗ ಕೆಳಗಿನ ಅಳತೆಯೂ ಸಿಗುತ್ತಿದೆ.

ಈಚೆಗೆ ದಿಶಾಂಕ್ ಆ್ಯಪಿನಲ್ಲಿ ರೈತ ತನ್ನ ಸರ್ವೆ ನಂಬರನ್ನು ಉಪಗ್ರಹ ಚಿತ್ರದ ಮೇಲೆಯೇ ನೋಡಬಹುದು. 2025ರ ಜುಲೈ 30ರಂದು ಹಾರಿದ ನಿಸಾರ್ ಉಪಗ್ರಹ ಮೋಡವಿದ್ದರೂ ರಾತ್ರಿಯಾದರೂ 12 ದಿನಕ್ಕೊಮ್ಮೆ ಅದೇ ನೆಲವನ್ನು ರೇಡಾರಿನಿಂದ ಅಳೆಯುತ್ತದೆ. ಮಣ್ಣಿನ ತೇವ ತಿಳಿಯುವುದು ಅದರ ಉದ್ದೇಶಗಳಲ್ಲಿ ಒಂದು. ರೇಡಾರಿನ ಮಾರುತ್ತರ ಎರೆ ನೆಲದಿಂದ ಒಂದು ಬಗೆ, ಕೆಂಪು ಮರಳು ನೆಲದಿಂದ ಇನ್ನೊಂದು ಬಗೆ, ಅಡಿಕೆ ತೋಟದ ನೆರಳಿನಿಂದ ಮತ್ತೊಂದು. ಹಾಗಾಗಿ ಹಿರಿಯೂರಿನ ಎರೆಯಲ್ಲಿ, ಹೊಸದುರ್ಗದ ಕೆಂಪು ಹೊಲದಲ್ಲಿ, ಹೊಳಲ್ಕೆರೆಯ ತೋಟದಲ್ಲಿ ಉಪಗ್ರಹ ಹಾದುಹೋಗುವ ದಿನವೇ ಮಣ್ಣು ಬಗೆದು, ತೂಗಿ, ಒಣಗಿಸಿ, ಮತ್ತೆ ತೂಗಿ ತೇವ ಲೆಕ್ಕಹಾಕುವ ಕೆಲಸ ಮುಂಗಾರಿನಿಂದ ಹಿಂಗಾರಿನವರೆಗೆ ಬಿಡದೆ ನಡೆಯಬೇಕು. ಜಿಲ್ಲೆಯ ಕಾಲೇಜುಗಳ ಭೂಗೋಳ, ಭೂವಿಜ್ಞಾನ ವಿದ್ಯಾರ್ಥಿಗಳು ಒಂದು ತಕ್ಕಡಿ, ಒಂದು ಒಲೆಯಿಂದ ಇದನ್ನು ಶುರುಮಾಡಬಹುದು.