ಪಂಪು ಓಡುತ್ತಿದೆ, ನೀರು ಹರಿಯುತ್ತಿದೆಯೇ?

ನಾನು ಬೊಂಬಾಯಿಗೆ ಬಂದಾಗ ಅದಿನ್ನೂ ಮುಂಬೈ ಆಗಿರಲಿಲ್ಲ. ರಾಸಾಯನಿಕ ಕಾರ್ಖಾನೆಯೊಂದರ ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿ ಕೆಲಸ. ಸೇರಿದ ಮೊದಲ ವರ್ಷವೇ, ಒಂದು ರಾತ್ರಿ ಪಾಳಿಯಲ್ಲಿ, ಕೂಲಿಂಗ್ ವಾಟರ್ ಪಂಪಿನ ಹಸಿರು ದೀಪ ನೋಡಿ ಲಾಗ್‌ಬುಕ್ಕಿನಲ್ಲಿ "ಪಂಪು ಚಾಲೂ ಇದೆ" ಅಂತ ಬರೆದೆ. ಅರ್ಧ ಗಂಟೆಯಲ್ಲಿ ಸೀಲು ಸುಟ್ಟ ವಾಸನೆ! ಹಗಲು ರಿಪೇರಿಗೆಂದು ಮುಚ್ಚಿದ್ದ ಸಕ್ಷನ್ ವಾಲ್ವನ್ನು ಯಾರೂ ತೆರೆದಿರಲಿಲ್ಲ. ನಾನು ಬರೆದದ್ದು ಸುಳ್ಳೇನಲ್ಲ, ಮೋಟಾರು ತಿರುಗುತ್ತಲೇ ಇತ್ತು. ನೀರು ಮಾತ್ರ ಹರಿಯುತ್ತಿರಲಿಲ್ಲ.

ಇಂಥದೇ ತಪ್ಪು ಎಷ್ಟು ದೊಡ್ಡದಾಗಬಹುದು ಅಂತ ಗೊತ್ತಾದದ್ದು ಆಮೇಲೆ, ತ್ರೀ ಮೈಲ್ ಐಲ್ಯಾಂಡ್ ಕತೆ ಓದಿದಾಗ.

1979ರ ಮಾರ್ಚ್ 28, ಬೆಳಗಿನ ಜಾವ ನಾಲ್ಕು ಗಂಟೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಸಸ್ಕ್ವೆಹಾನಾ ನದಿಯ ನಡುಗಡ್ಡೆಯ ಮೇಲಿದ್ದ ಆ ಅಣು ವಿದ್ಯುತ್ ಸ್ಥಾವರದ ಎರಡನೇ ಘಟಕದಲ್ಲಿ, ಉಗಿ ತಯಾರಿಸುವ ಪಾತ್ರೆಗಳಿಗೆ ನೀರು ಕೊಡುವ ಮುಖ್ಯ ಪಂಪುಗಳು ನಿಂತವು. ಮೂರು ತುರ್ತು ಪಂಪುಗಳು ತಾವಾಗಿಯೇ ಶುರುವಾದವು. ಪಂಪು ಓಡುತ್ತಿದೆ ಅಂದಮೇಲೆ ನೀರು ಹೋಗುತ್ತಿದೆ ಅಂತಲೇ ಕಂಟ್ರೋಲ್ ರೂಮಿನವರು ಅಂದುಕೊಂಡರು. ಆದರೆ ದಾರಿಯಲ್ಲಿದ್ದ ಎರಡು ವಾಲ್ವುಗಳು ಮುಚ್ಚಿದ್ದವು. ಒಂದರ ದೀಪವನ್ನು ರಿಪೇರಿಯ ಚೀಟಿ ಮರೆಮಾಡಿತ್ತು. ಗೊತ್ತಾಗುವಷ್ಟರಲ್ಲಿ ಎಂಟು ನಿಮಿಷ ಕಳೆದಿತ್ತು.

ನಿಜವಾದ ಅನಾಹುತ ಮಾಡಿದ್ದು ಇನ್ನೊಂದು ವಾಲ್ವು. ಒತ್ತಡ ಇಳಿಸಲು ತೆರೆದುಕೊಂಡ ರಿಲೀಫ್ ವಾಲ್ವು ಮತ್ತೆ ಮುಚ್ಚದೆ ಸಿಕ್ಕಿಕೊಂಡಿತು. ಪ್ಯಾನೆಲ್ಲಿನ ದೀಪವೇನೋ ಆರಿತು. ಆದರೆ ದೀಪ ಆರಿತೆಂದರೆ ಮುಚ್ಚುವ ಆಜ್ಞೆ ಹೋಗಿದೆ ಅಂತ ಅರ್ಥ, ಅಷ್ಟೇ. ವಾಲ್ವು ಮುಚ್ಚಿತೋ ಇಲ್ಲವೋ ಅದಕ್ಕೆ ತಿಳಿಯದು. ಎರಡು ಗಂಟೆಗೂ ಹೆಚ್ಚು ಹೊತ್ತು ರಿಯಾಕ್ಟರಿನ ನೀರು ಹೊರಹೋಯಿತು. ಬೇಕಾದಷ್ಟು ನೀರಿದೆ ಎಂದು ನಂಬಿದ ಸಿಬ್ಬಂದಿ ಒಳಗೆ ಹೋಗುತ್ತಿದ್ದ ತುರ್ತು ನೀರನ್ನೂ ಕಡಿಮೆ ಮಾಡಿದರು. ಇಂಧನದ ಸುಮಾರು ಅರ್ಧ ಭಾಗ ಕರಗಿಹೋಯಿತು.

1980ರ ನವೆಂಬರಿನಲ್ಲಿ ಅಲ್ಲಿನ ಅಣು ನಿಯಂತ್ರಣ ಆಯೋಗ ಸುಧಾರಣೆಗಳ ದೊಡ್ಡ ಪಟ್ಟಿಯನ್ನೇ ಹೊರಡಿಸಿತು. ಅದರಲ್ಲಿ ಎರಡು ಅಂಶ ನನಗೆ ಮುಖ್ಯ. ರಿಲೀಫ್ ವಾಲ್ವಿನ ನಿಜವಾದ ಸ್ಥಿತಿ ತೋರಿಸಬೇಕು, ಇಲ್ಲವೇ ಅದರ ಹೊರಪೈಪಿನಲ್ಲಿ ಹರಿವಿದೆಯೇ ಅಂತ ತೋರಿಸಬೇಕು. ತುರ್ತು ನೀರಿನ ಹರಿವೂ ಕಂಟ್ರೋಲ್ ರೂಮಿನಲ್ಲಿ ಕಾಣಬೇಕು.

ನಮ್ಮಂಥ ಕಾರ್ಖಾನೆಗಳಲ್ಲಿ ಇದೇ ಪ್ರಶ್ನೆಗೆ ಉತ್ತರ ಕೊಡುವ ಅಗ್ಗದ ಸಾಧನ ಫ್ಲೋ ಸ್ವಿಚ್. ಪೈಪಿನೊಳಗೆ ಇಳಿಬಿಟ್ಟ ಒಂದು ಪುಟ್ಟ ಪ್ಯಾಡಲ್. ನೀರು ತಳ್ಳಿದರೆ ಬಾಗುತ್ತದೆ, ಸ್ವಿಚ್ ಬದಲಾಗುತ್ತದೆ. ಸುಟ್ಟ ಆ ಪಂಪಿಗೆ ಮುಂದೆ ನಾನೇ ಒಂದು ಕೂರಿಸಿದೆ. ಮೊದಲ ಸಲ ಎಲ್ಬೋ ಪಕ್ಕದಲ್ಲೇ ಹಾಕಿಬಿಟ್ಟು, ಅಲ್ಲಿನ ಸುಳಿಗೆ ಸಿಕ್ಕಿ ದೀಪ ಮಿಣುಕುತ್ತಲೇ ಇತ್ತು! ಹಿಂದೆ ಮುಂದೆ ಪೈಪಿನ ವ್ಯಾಸದ ಐದು ಪಟ್ಟಾದರೂ ನೇರ ಪೈಪು ಇರಬೇಕು ಅಂತ ಕಲಿತೆ. ಅಡ್ಡ ಪೈಪಾದರೆ ಮೇಲ್ಭಾಗದಲ್ಲೇ ಕೂರಿಸಬೇಕು, ಕೆಳಗೆ ಹಾಕಿದರೆ ಕೆಸರು ತುಂಬುತ್ತದೆ. ಬಾಣದ ಗುರುತು ಹರಿವಿನ ದಿಕ್ಕಿಗೇ ಇರಬೇಕು. ಆರಿಸುವಾಗ ಪೈಪಿನ ಸೈಜು ನೋಡಿದರೆ ಸಾಲದು. ಎಷ್ಟು ಕಡಿಮೆ ಹರಿವಿಗೆ ಅದು ಎಚ್ಚರಿಸಬೇಕು, ದ್ರವ ಲೋಹವನ್ನು ತಿನ್ನುತ್ತದೆಯೇ, ನಾರು-ಕಸ ಇದೆಯೇ ಅಂತ ಮೊದಲು ಕೇಳಬೇಕು. ಕಸವಿದ್ದರೆ ಪ್ಯಾಡಲ್ ಸಿಕ್ಕಿಕೊಂಡು, ಹರಿವು ನಿಂತರೂ "ಇದೆ" ಎನ್ನುತ್ತಿರುತ್ತದೆ. ಅದಕ್ಕೇ ಕೂರಿಸಿದ ಮೇಲೂ ಆಗಾಗ ಹರಿವನ್ನು ನಿಲ್ಲಿಸಿ ಪರೀಕ್ಷಿಸಬೇಕು.

ಅಂದಿನಿಂದ ನನ್ನ ಲಾಗ್‌ಬುಕ್ಕಿನಲ್ಲಿ ಒಂದರ ಬದಲು ಎರಡು ಸಾಲು. ಪಂಪು ಚಾಲೂ ಇದೆ. ನೀರು ಹರಿಯುತ್ತಿದೆ. ನಿಮ್ಮ ಸೊಸೈಟಿಯ ಪಂಪ್ ರೂಮಿಗೂ ಒಮ್ಮೆ ಇಣುಕಿ ನೋಡಿ. ಅಲ್ಲಿಯ ಹಸಿರು ದೀಪ ಹೇಳುತ್ತಿರುವುದು ಮೋಟಾರಿನ ಸಮಾಚಾರವೋ, ನೀರಿನದೋ?