ಮೂರು ವರ್ಷದ ಹುಡುಗಿ, ಮೈಸೂರಿನ ರಾಣಿ ಮತ್ತು ನಮ್ಮ ಅಂಗನವಾಡಿ

ಬಹಳ ದಿನಗಳಾದವು ಇಲ್ಲಿ ಏನಾದರೂ ಬರೆದು. "ಎಲ್ಲಿ ಕಾಣೆಯಾದಿರಿ ಮಾರಾಯ್ರೇ?" ಅಂತ ಕೆಲವರು ಕೇಳಿದ್ದಿರಿ. ಕಾಣೆಯಾಗಿರಲಿಲ್ಲ, ಚಿಕ್ಕನಾಯಕನಹಳ್ಳಿಯಲ್ಲೇ ಇದ್ದೆ. ಬೆಳಿಗ್ಗೆ ಲ್ಯಾಪ್‌ಟಾಪು, ಸಂಜೆ ಅಪ್ಪನ ಜೊತೆ ತೋಟ, ಮಧ್ಯೆ ಮಗಳು. ತಿಂಗಳಿಗೊಮ್ಮೆ ಕೆ.ಬಿ. ಕ್ರಾಸ್, ತುಮಕೂರು ದಾಟಿಕೊಂಡು ಸುಮಾರು 130 ಕಿಲೋಮೀಟರ್ ದೂರದ ಬೆಂಗಳೂರಿನ ಆಸ್ಪತ್ರೆ. ಮೂರು ವರ್ಷದಿಂದ ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಹಬ್ಬಗಳಿಗಿಂತ ಹೆಚ್ಚಾಗಿ ಡಾಕ್ಟರ ಅಪಾಯಿಂಟ್‌ಮೆಂಟುಗಳೇ ಇವೆ.

ಮಗಳ ವಿಷಯ ಇಲ್ಲಿ ಬರೆಯಬಾರದು ಅಂತ ನಾನೂ ನನ್ನ ಹೆಂಡತಿಯೂ ಅಂದುಕೊಂಡಿದ್ದೆವು. ಆದರೆ ಈಚೆಗೆ ನಡೆದ ಒಂದು ಸಣ್ಣ ಸಂಗತಿ ನನ್ನನ್ನು ಇನ್ನೂರು ವರ್ಷ ಹಿಂದಿನ ಮೈಸೂರು ಅರಮನೆಯವರೆಗೆ ಕರೆದುಕೊಂಡು ಹೋಯಿತು. ಅದನ್ನು ಹೇಳಬೇಕಾದರೆ ಮಗಳಿಂದಲೇ ಶುರು ಮಾಡಬೇಕು.

ಹುಟ್ಟಿದಾಗಿನಿಂದ ಅವಳಿಗೆ ಕುಡಿದ ಹಾಲು ಮೂಗಿನಲ್ಲಿ ಬರುತ್ತಿತ್ತು. ಎರಡನೇ ವಾರದಲ್ಲಿ ಫಿಟ್ಸ್ ಬಂತು, ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆ ಅಂದರು. ಮೊದಲ ವರ್ಷದಲ್ಲಿ ಎರಡು ಸಲ ನ್ಯುಮೋನಿಯಾ. ಕೂರುವುದು ತಡ, ನಿಲ್ಲುವುದು ತಡ, ಮಾತಂತೂ ಇಲ್ಲವೇ ಇಲ್ಲ. ಅಜ್ಜಿ ದೃಷ್ಟಿ ತೆಗೆದರು, ತಾಯಿತ ಕಟ್ಟಿಸಿದರು. "ನಿಮ್ಮಪ್ಪನೂ ಮೂರು ವರ್ಷಕ್ಕೇ ಕಣಪ್ಪಾ ಮಾತಾಡಿದ್ದು, ಸುಮ್ನಿರು" ಅಂತ ಧೈರ್ಯ ಹೇಳಿದರು. ಒಂದೊಂದು ಕಾಯಿಲೆಗೂ ಒಬ್ಬೊಬ್ಬ ಡಾಕ್ಟರು. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದವರು ಯಾರೂ ಇರಲಿಲ್ಲ.

ಒಟ್ಟಿಗೆ ಇಟ್ಟು ನೋಡುವ ದಾರಿಗೆ ನಮ್ಮನ್ನು ಹಚ್ಚಿದ್ದು ನಮ್ಮ ಬೀದಿಯ ಅಂಗನವಾಡಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ ಬಂದು ಮಕ್ಕಳನ್ನು ನೋಡಬೇಕು. ಹುಟ್ಟಿನಿಂದ ಬಂದ ದೋಷ, ಕೊರತೆ, ಕಾಯಿಲೆ, ಬೆಳವಣಿಗೆಯ ವಿಳಂಬ, ಈ ನಾಲ್ಕನ್ನೂ ಹುಡುಕುವುದು ಅವರ ಕೆಲಸ. ತೂಕ ಹಾಕಿಸಲು ಹೋಗಿದ್ದ ನನ್ನ ಹೆಂಡತಿಯನ್ನು ಆ ತಂಡದ ಡಾಕ್ಟರಮ್ಮ ಹತ್ತು ನಿಮಿಷ ಕೂರಿಸಿಕೊಂಡು ಎಲ್ಲ ಕೇಳಿದರಂತೆ. ಆಮೇಲೆ ಒಂದು ಚೀಟಿ ಬರೆದುಕೊಟ್ಟರು. ಚೀಟಿ ತುಮಕೂರಿಗೆ, ಅಲ್ಲಿಂದ ಬೆಂಗಳೂರಿಗೆ, ಕೊನೆಗೆ ಒಂದು ರಕ್ತಪರೀಕ್ಷೆಗೆ ಹೋಯಿತು.

ಉತ್ತರ ಬಂದಿದ್ದು ಹೀಗೆ: 22ನೇ ಕ್ರೋಮೊಸೋಮಿನಲ್ಲಿ ಒಂದು ಸಣ್ಣ ತುಣುಕು ಇಲ್ಲ. ಮನುಷ್ಯನ ವಂಶವಾಹಿಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಈ ಮಕ್ಕಳಲ್ಲಿ ಸಾಮಾನ್ಯವಾಗಿ ಇಲ್ಲವಾಗುವುದು ಸುಮಾರು 30 ಲಕ್ಷ, ಅಂದರೆ ಸಾವಿರಕ್ಕೆ ಒಂದು. ಕೋಡ್ ಬರೆಯುವವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾವಿರ ಸಾಲಿನಲ್ಲಿ ಒಂದು ಸಾಲು ಅಳಿಸಿದರೆ ಎಲ್ಲೆಲ್ಲಿ ಏನೇನು ನಿಲ್ಲುತ್ತದೆ ಅಂತ ನನಗೆ ಗೊತ್ತು. ವ್ಯತ್ಯಾಸ ಇಷ್ಟೇ, ಇಲ್ಲಿ ಹಳೆಯ ಪ್ರತಿಯನ್ನು ವಾಪಸ್ ತರಲು ಆಗುವುದಿಲ್ಲ. "ಯಾರ ಕಡೆಯಿಂದ ಬಂತು?" ಅಂತ ನೆಂಟರು ಕೇಳಿದರು. ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಇದು ಅಪ್ಪ ಅಮ್ಮ ಯಾರಿಂದಲೂ ಬಂದಿರುವುದಿಲ್ಲ, ಹೊಸದಾಗಿ ಆಗಿರುತ್ತದೆ. ನಮ್ಮಿಬ್ಬರ ಪರೀಕ್ಷೆಯೂ ಅದನ್ನೇ ಹೇಳಿತು. ಆ ದಿನ ನನ್ನ ಹೆಂಡತಿ ಎರಡು ವರ್ಷದಲ್ಲಿ ಮೊದಲ ಸಲ ನಿದ್ದೆ ಮಾಡಿದಳು.

ಹೆಸರು ಸಿಕ್ಕಿದ ಮೇಲೆ ನಾನು ಓದಲು ಕೂತೆ. ನಮ್ಮ ಎದೆಯ ಮೂಳೆಯ ಹಿಂದೆ ಥೈಮಸ್ ಅಂತ ಒಂದು ಗ್ರಂಥಿ ಇದೆ. ಮಕ್ಕಳಲ್ಲಿ ದೊಡ್ಡದು, ವಯಸ್ಸಾದಂತೆ ಕರಗುತ್ತದೆ. ಅದು ಯಾಕಿದೆ ಅಂತ ವೈದ್ಯರಿಗೆ ಬಹಳ ಕಾಲ ಗೊತ್ತೇ ಇರಲಿಲ್ಲ. ಅವರು ಕೊಯ್ದು ನೋಡುತ್ತಿದ್ದದ್ದು ಹೆಚ್ಚಾಗಿ ಬಡವರ ಹೆಣಗಳನ್ನು. ಹಸಿವು ಕಾಯಿಲೆಗಳಿಂದ ಅವರ ಥೈಮಸ್ ಕುಗ್ಗಿಹೋಗಿರುತ್ತಿತ್ತು. ಕುಗ್ಗಿದ್ದೇ ಸರಿಯಾದ ಅಳತೆ ಅಂದುಕೊಂಡು, ಆರೋಗ್ಯವಾಗಿದ್ದ ಮಕ್ಕಳ ಥೈಮಸ್ "ಊದಿಕೊಂಡಿದೆ" ಅಂತ 20ನೇ ಶತಮಾನದ ಮೊದಲರ್ಧದಲ್ಲಿ ಅಮೆರಿಕದಲ್ಲಿ ಸಾವಿರಾರು ಮಕ್ಕಳ ಎದೆಗೆ ಎಕ್ಸ್‌ರೇ ಹಾಯಿಸಿದರು. ಎಷ್ಟೋ ವರ್ಷಗಳ ನಂತರ ಅವರಲ್ಲಿ ಕೆಲವರಿಗೆ ಥೈರಾಯ್ಡ್ ಕ್ಯಾನ್ಸರ್ ಬಂತು. ಸೋಂಕಿನ ವಿರುದ್ಧ ಹೋರಾಡುವ ಕಣಗಳು ತಯಾರಾಗುವ ಗರಡಿಮನೆಯೇ ಈ ಥೈಮಸ್ ಅಂತ ಜಾಕ್ ಮಿಲ್ಲರ್ ತೋರಿಸಿಕೊಟ್ಟಿದ್ದು 1961ರಲ್ಲಿ. 1965ರಲ್ಲಿ ಫಿಲಡೆಲ್ಫಿಯಾದ ಮಕ್ಕಳ ವೈದ್ಯ ಏಂಜೆಲೊ ಡಿಜಾರ್ಜ್, ಥೈಮಸ್ಸೂ ಕ್ಯಾಲ್ಸಿಯಂ ನೋಡಿಕೊಳ್ಳುವ ಗ್ರಂಥಿಯೂ ಎರಡೂ ಇಲ್ಲದ ಶಿಶುಗಳ ಬಗ್ಗೆ ಹೇಳಿದರು. ನನ್ನ ಮಗಳ ಕಾಯಿಲೆಗೆ ಇಂದಿಗೂ ಅವರ ಹೆಸರಿದೆ. ಅದೇ ಹೊತ್ತಿಗೆ, 1960ರ ದಶಕದ ನಡುವೆ, ನಮ್ಮ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶುರುವಾಯಿತು. ತಡವಾಗಿ ಮಾತು ಕಲಿಯುವ ಮಕ್ಕಳಿಗೆ ಕನ್ನಡದಲ್ಲೇ ಮಾತು ಕಲಿಸುವವರು ಇವತ್ತು ಸಿಗುತ್ತಾರಾದರೆ ಅದರ ಹಿಂದೆ ಆ ಸಂಸ್ಥೆಯ ದುಡಿಮೆ ಬಹಳವಿದೆ.

ನನ್ನ ಮಗಳ ಥೈಮಸ್ ಪೂರ್ತಿ ಇಲ್ಲ ಅಂತಲ್ಲ, ಚಿಕ್ಕದು. ಹೋರಾಡುವ ಕಣಗಳ ಎಣಿಕೆ ಕಡಿಮೆ. ಅದು ಏರುವವರೆಗೆ ಜೀವಂತ ಲಸಿಕೆಗಳು ಬೇಡ ಅಂದರು ಡಾಕ್ಟರು. ಜೀವಂತ ಲಸಿಕೆ ಅಂದರೆ ಬಲಗುಂದಿಸಿದ ರೋಗಾಣುವನ್ನೇ ಕೊಡುವುದು. ದಡಾರ-ರುಬೆಲ್ಲಾ ಲಸಿಕೆ, ಬಾಯಿಗೆ ಹಾಕುವ ಪೋಲಿಯೋ ಹನಿ ಎಲ್ಲ ಆ ಜಾತಿಯವು. ಬೇರೆ ಮಕ್ಕಳಿಗೆ ಅವು ರಕ್ಷೆ, ಇವಳಿಗೆ ಅವೇ ಕಾಯಿಲೆಯಾಗಬಹುದು. ಹಾಗಾದರೆ ದಡಾರದಿಂದ ಇವಳನ್ನು ಕಾಯುವವರು ಯಾರು? ಡಾಕ್ಟರು ಒಂದೇ ಸಾಲು ಹೇಳಿದರು. "ಇವಳ ಸುತ್ತ ಇರುವ ಮಕ್ಕಳೆಲ್ಲ ಹಾಕಿಸಿಕೊಂಡಿರಬೇಕು, ಅಷ್ಟೇ."

ಈ ಒಂದು ಸಾಲೇ ನನ್ನನ್ನು ಇತಿಹಾಸಕ್ಕೆ ತಳ್ಳಿದ್ದು.

ಲಸಿಕೆ ಅನ್ನುವುದು ಹುಟ್ಟಿದ್ದು 1796ರಲ್ಲಿ, ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಕೈಯಲ್ಲಿ, ಸಿಡುಬಿನ ವಿರುದ್ಧ. ಹಸುವಿನ ಸಿಡುಬು ತಗುಲಿದವರಿಗೆ ಮನುಷ್ಯರ ಸಿಡುಬು ಬರುವುದಿಲ್ಲ ಅನ್ನುವುದೇ ಅದರ ಗುಟ್ಟು. ಆದರೆ ಅದನ್ನು ಇಂಡಿಯಾಕ್ಕೆ ತರುವುದು ಹೇಗೆ? ಆಗ ಫ್ರಿಜ್ ಇರಲಿಲ್ಲ, ದಾರಿಯ ಬಿಸಿಲಿಗೆ ಲಸಿಕೆಯ ರಸ ಕೆಡುತ್ತಿತ್ತು. ಉಳಿದ ದಾರಿ ಒಂದೇ: ಒಬ್ಬರ ತೋಳಿನ ಗುಳ್ಳೆಯ ರಸ ತೆಗೆದು ಇನ್ನೊಬ್ಬರ ತೋಳಿಗೆ ಹಚ್ಚುವುದು. ಹೀಗೆ ತೋಳಿನಿಂದ ತೋಳಿಗೆ ಸಾಗುತ್ತ, ಬಾಗ್ದಾದ್ ಬಸ್ರಾಗಳ ಮೂಲಕ ಅದು ಬಾಂಬೆಗೆ ಬಂತು. 1802ರ ಜೂನ್ 14ರಂದು ಅಲ್ಲಿ ಲಸಿಕೆ ಹಾಕಿಸಿಕೊಂಡವಳು ಆನಾ ಡಸ್ಟ್‌ಹಾಲ್. ಇಂಡಿಯಾದಲ್ಲಿ ಲಸಿಕೆ ಪಡೆದ ಮೊದಲಿಗಳು. ವಯಸ್ಸು ಮೂರು. ಮನೆಗೆಲಸದವರೊಬ್ಬರ ಮಗಳು. ಅವಳ ತೋಳಿನಿಂದ ಮತ್ತೆ ಐವರು ಮಕ್ಕಳಿಗೆ, ಅವರಿಂದ ಇನ್ನಷ್ಟು ಮಂದಿಗೆ, ಹೀಗೆ ಅದು ಊರಿಂದ ಊರಿಗೆ ಹೋಯಿತು. ಅವಳ ಮುಂದಿನ ಬದುಕು ಏನಾಯಿತೋ, ಇತಿಹಾಸಕ್ಕೆ ಬೇಕಾಗಿದ್ದು ಅವಳ ತೋಳು ಮಾತ್ರ. ಇದನ್ನು ಓದುವಾಗ ನನ್ನ ಮೂರು ವರ್ಷದವಳು ಪಕ್ಕದಲ್ಲೇ ಕೊಬ್ಬರಿ ಚೂರು ಚೀಪುತ್ತ ಕೂತಿದ್ದಳು.

ಅಲ್ಲಿಂದ ಮೈಸೂರಿಗೆ ಬರೋಣ. 1799ರಲ್ಲಿ ಟಿಪ್ಪು ಮಡಿದ ಮೇಲೆ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿದ್ದರು. ದಿವಾನರು ಪೂರ್ಣಯ್ಯ, ಮನೆಯ ಹಿರಿಯರು ಮಹಾರಾಣಿ ಲಕ್ಷ್ಮಮ್ಮಣ್ಣಿ. 1805ರ ಹೊತ್ತಿಗೆ ಹುಡುಗ ರಾಜನಿಗೆ ಮದುವೆ. ಆ ಕಾಲದಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರ ಬರೆದನೆಂದು ಹೇಳುವ ಒಂದು ತೈಲಚಿತ್ರವಿದೆ. ಮೂವರು ಹೆಂಗಸರು ನಿಂತಿದ್ದಾರೆ. ಬಹಳ ಕಾಲ ಅದನ್ನು ಯಾರೋ ನರ್ತಕಿಯರ ಚಿತ್ರ ಅಂದುಕೊಂಡಿದ್ದರು. ಅವರು ಮೈಸೂರಿನ ಅರಸುಮನೆತನದವರು ಎಂದು ವಾದಿಸಿದವರು ಇತಿಹಾಸಕಾರ ನೈಜೆಲ್ ಚಾನ್ಸೆಲರ್. ಅವರು ಹೇಳುವಂತೆ ಬಲಗಡೆಯ ಹುಡುಗಿ ಕಿರಿಯ ರಾಣಿ ದೇವಾಜಮ್ಮಣ್ಣಿ. ಅವಳ ಸೀರೆಯ ಸೆರಗು ಸ್ವಲ್ಪ ಸರಿದಿದೆ, ಕೈ ಎಡತೋಳಿನತ್ತ ತೋರಿಸುವಂತಿದೆ. ಅದು ಲಸಿಕೆ ಹಾಕಿಸಿಕೊಂಡ ಜಾಗ. ಎಡಗಡೆ ಇರುವ ಹಿರಿಯ ರಾಣಿಯ ಮೂಗು ಬಾಯಿಗಳ ಸುತ್ತ ಚರ್ಮದ ಬಣ್ಣ ಮಾಸಿದೆ. ಸಿಡುಬಿನ ಹಕ್ಕಳೆಯ ಪುಡಿಯನ್ನೇ ಮೂಗಿಗೆ ಊದುತ್ತಿದ್ದ ಹಳೆಯ ಪದ್ಧತಿಯ ಗುರುತು ಅದು. ನಡುವೆ ನಿಂತವರು ಲಕ್ಷ್ಮಮ್ಮಣ್ಣಿ. ಅವರ ಪತಿ ತೀರಿಕೊಂಡಿದ್ದೂ ಸಿಡುಬಿನಿಂದಲೇ ಅನ್ನುತ್ತಾರೆ ಚಾನ್ಸೆಲರ್. ದೇವಾಜಮ್ಮಣ್ಣಿ ಹಾಕಿಸಿಕೊಂಡದ್ದನ್ನು ನೋಡಿ ಜನ ಮುಂದೆ ಬಂದರೆಂದು 1806ರ ದಾಖಲೆಯೊಂದರಲ್ಲಿದೆಯಂತೆ.

ಇದರಲ್ಲಿ ಕಂಪನಿ ಸರ್ಕಾರದ ಪ್ರಚಾರವೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಮೊನ್ನೆ ಮೊನ್ನೆವರೆಗೆ ದನದ ಕಾಯಿಲೆ ಅಂತ ಜನ ಹೇಸುತ್ತಿದ್ದ ರಸಕ್ಕೆ ಅಂತಃಪುರದ ಹನ್ನೆರಡು ವರ್ಷದ ಹುಡುಗಿ ತೋಳು ಕೊಟ್ಟಳಲ್ಲ, ಅದು ಸಣ್ಣದಲ್ಲ. ಅಲ್ಲಿಂದ ಶುರುವಾಗಿ 1975ರ ಮೇ ತಿಂಗಳಲ್ಲಿ ಭಾರತದ ಕೊನೆಯ ಸಿಡುಬಿನ ರೋಗಿಯವರೆಗೆ ಸುಮಾರು 170 ವರ್ಷ ಹಿಡಿಯಿತು. 1980ರ ಮೇ 8ರಂದು ಜಗತ್ತಿನಲ್ಲೇ ಸಿಡುಬು ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಸಾರಿತು.

ಈಗ ಆ ಸಣ್ಣ ಸಂಗತಿಗೆ ಬರುತ್ತೇನೆ.

ಮಗಳಿಗೆ ಮಾತು ಬರಬೇಕಾದರೆ ಬೇರೆ ಮಕ್ಕಳ ಜೊತೆ ಬಿಡಿ ಅಂತ ಸ್ಪೀಚ್ ಥೆರಪಿಯವರು. ಸೋಂಕಿನಿಂದ ದೂರ ಇಡಿ ಅಂತ ಇನ್ನೊಬ್ಬ ಡಾಕ್ಟರು. ಇಬ್ಬರದೂ ಸರಿ. ಮನೆಯಲ್ಲೇ ಇಟ್ಟುಕೊಂಡರೆ ಮಾತು ಹೋಗುತ್ತದೆ, ಹೊರಗೆ ಕಳಿಸಿದರೆ ಏನು ಬರುತ್ತದೋ ಗೊತ್ತಿಲ್ಲ. ಆರು ತಿಂಗಳು ನಾವು ಏನೂ ತೀರ್ಮಾನ ಮಾಡಲಿಲ್ಲ. ಅವಳು ಕಿಟಕಿ ಹಿಡಿದು ನಿಂತು ಅಂಗನವಾಡಿಗೆ ಹೋಗುವ ಮಕ್ಕಳನ್ನು ನೋಡುತ್ತಿದ್ದಳು. ಅಷ್ಟರಲ್ಲಿ ಹತ್ತಿರದ ಹಳ್ಳಿಯಲ್ಲಿ ಒಂದು ಮಗುವಿಗೆ ದಡಾರ ಅಂತ ಸುದ್ದಿ ಬಂತು. ಹೆಂಡತಿ ಕಿಟಕಿಯನ್ನೂ ಮುಚ್ಚಿದಳು.

ಕೊನೆಗೆ ಒಂದು ದಿನ ನಾನೇ ಅಂಗನವಾಡಿ ಟೀಚರನ್ನು ಕೇಳಿದೆ: "ಮೇಡಂ, ನಿಮ್ಮಲ್ಲಿ ಎಷ್ಟು ಮಕ್ಕಳಿಗೆ ದಡಾರದ ಎರಡೂ ಇಂಜೆಕ್ಷನ್ ಆಗಿದೆ?" ಅವರು ಪುಸ್ತಕ ತೆಗೆಯದೆ ಹೇಳಿದರು: "ಹತ್ತೊಂಬತ್ತು ಜನರಲ್ಲಿ ಹದಿನೆಂಟು." ದಡಾರ ಹರಡದಂತೆ ತಡೆಯಲು ನೂರಕ್ಕೆ 95 ಮಂದಿಗೆ ಲಸಿಕೆ ಆಗಿರಬೇಕು ಅಂತ ನಾನು ಓದಿದ್ದೆ. ಹತ್ತೊಂಬತ್ತರಲ್ಲಿ ಹದಿನೆಂಟು ಅಂದರೆ 95ಕ್ಕೆ ಕೂದಲೆಳೆಯಷ್ಟು ಕಡಿಮೆ. ನನ್ನ ಮಗಳು ಸೇರಿದರೆ ಇಪ್ಪತ್ತರಲ್ಲಿ ಹದಿನೆಂಟು. ಸ್ವಂತ ಮಗಳನ್ನೇ ಶೇಕಡಾವಾರು ಲೆಕ್ಕದಲ್ಲಿ ಕಳೆಯುವ ಅಪ್ಪ ನಾನೊಬ್ಬನೇ ಇರಬೇಕು.

ಉಳಿದ ಆ ಒಂದು ಮಗು ನಮ್ಮ ಹಿಂದಿನ ಬೀದಿಯದು. ಮೊದಲ ಡೋಸಿಗೆ ಜ್ವರ ಬಂದಿತ್ತಂತೆ, ಅವರಮ್ಮ ಎರಡನೆಯದಕ್ಕೆ ಹೋಗಿರಲಿಲ್ಲ. ಹೋಗಿ ಮಾತಾಡೋಣವೆಂದರೆ ನನಗೆ ಬಾಯಿ ಬರಲಿಲ್ಲ. "ನನ್ನ ಮಗಳಿಗೋಸ್ಕರ ನಿಮ್ಮ ಮಗನಿಗೆ ಚುಚ್ಚಿಸಿ" ಅಂತ ಹೇಗೆ ಕೇಳುವುದು? ಹೋಗಿದ್ದು ನಮ್ಮ ಅಜ್ಜಿ. ನಾನು ಹೇಳಿ ಕಳಿಸಿದ್ದಲ್ಲ, ಸಂಜೆ ಹೂ ಕೊಡುವ ನೆಪದಲ್ಲಿ ಅವರೇ ಹೋಗಿದ್ದರು. ಆಮೇಲೆ ನನಗೆ ಹೇಳಿದರು: "ನಮ್ ತಮ್ಮ ಅಮ್ಮ ಎದ್ದು ಸತ್ತಾಗ ಅವನಿಗೆ ನಾಕು ವರ್ಷ ಕಣಪ್ಪಾ. ಅವನಿಗೆ ದಾಕು ಹಾಕ್ಸಿರಲಿಲ್ಲ, ನನಗೆ ಹಾಕ್ಸಿದ್ರು. ಅಷ್ಟೇ ಹೇಳ್ದೆ." ತೋಳಿನ ಮೇಲಿನ ದಾಕಿನ ಗುರುತನ್ನೂ ತೋರಿಸಿದರೋ ಏನೋ, ಕೇಳಲಿಲ್ಲ. ಚಿಕ್ಕವನಿದ್ದಾಗ ಆ ಗುಂಡು ಕಲೆಯನ್ನು ಒತ್ತುತ್ತ ಅವರ ಮಗ್ಗುಲಲ್ಲಿ ನಿದ್ದೆ ಮಾಡುತ್ತಿದ್ದೆ. ಅದಕ್ಕೊಂದು ಕಥೆಯಿದೆ ಅಂತ ಆಗ ಗೊತ್ತಿರಲಿಲ್ಲ.

ಆ ತಾಯಿಗೆ ಯಾವುದು ಮನಸ್ಸಿಗೆ ಬಂತೋ. ಅಜ್ಜಿಯ ಮಾತೋ, ಆಶಾ ಕಾರ್ಯಕರ್ತೆ ಮೂರು ಸಲ ಬಂದದ್ದೋ, ಪಕ್ಕದ ಹಳ್ಳಿಯ ಸುದ್ದಿಯೋ. ಮುಂದಿನ ಗುರುವಾರ ಲಸಿಕೆಯ ದಿನ ಮಗನನ್ನು ಕರೆದುಕೊಂಡು ಹೋದಳು. ಹುಡುಗನಿಗೆ ಜ್ವರವೂ ಬರಲಿಲ್ಲ. ಒಂದು ತಿಂಗಳು ಕಾದು, ಡಾಕ್ಟರನ್ನು ಕೇಳಿ, ನಾವು ಮಗಳನ್ನು ಅಂಗನವಾಡಿಗೆ ಕಳಿಸಿದೆವು. ದಿನಕ್ಕೆ ಎರಡು ಗಂಟೆ ಮಾತ್ರ, ಯಾರಿಗಾದರೂ ಕೆಮ್ಮಿದ್ದರೆ ಟೀಚರ್ ಫೋನ್ ಮಾಡುತ್ತಾರೆ, ಆ ದಿನ ರಜ.

ಪವಾಡವೇನೂ ಆಗಿಲ್ಲ ಗೆಳೆಯರೇ. ಎರಡು ಸಲ ನೆಗಡಿ ಹಿಡಿದು ಮಲಗಿದಳು, ಒಂದು ಸಲ ಬೆಂಗಳೂರಿಗೆ ಓಡಿದೆವು. ಕಣಗಳ ಎಣಿಕೆ ಸ್ವಲ್ಪ ಏರಿದೆ. ಹೀಗೇ ಏರಿದರೆ ಅವಳಿಗೂ ದಡಾರದ ಲಸಿಕೆ ಕೊಡುವ ಯೋಚನೆ ಮಾಡೋಣ ಅಂದಿದ್ದಾರೆ. ಮಾತು ಮೂಗಿನಲ್ಲಿ ಬರುತ್ತದೆ, ಹೊರಗಿನವರಿಗೆ ಅರ್ಥವಾಗುವುದಿಲ್ಲ. ಹಿಂದಿನ ಬೀದಿಯ ಆ ಹುಡುಗನಿಗೆ ಮಾತ್ರ ಅರ್ಥವಾಗುತ್ತದೆ. ಅವಳು ಏನು ಕೇಳಿದಳು ಅಂತ ಟೀಚರಿಗೆ ಬಿಡಿಸಿ ಹೇಳುವವನು ಈಗ ಅವನೇ.

ನಿಮ್ಮ ಮನೆಯ ಅಜ್ಜಿ ತಾತಂದಿರ ತೋಳಿನಲ್ಲೂ ಆ ಗುಂಡು ಕಲೆ ಇರಬಹುದು. ಅವರು ಇರುವಾಗಲೇ ಒಮ್ಮೆ ಕೇಳಿ, ಯಾವ ಊರಲ್ಲಿ, ಯಾರು ಹಾಕಿದ್ದು, ಮನೆಯಲ್ಲಿ ಯಾರು ಉಳಿಯಲಿಲ್ಲ ಅಂತ. ಕೇಳಿದ್ದನ್ನು ಬರೆದಿಡಿ, ನಾನು ಓದುತ್ತೇನೆ.

ಹತ್ತೂಕಾಲಾಯಿತು, ಅಂಗನವಾಡಿ ಬಿಡುವ ಹೊತ್ತು. ಹೊರಡುತ್ತೇನೆ.